ಒಂದೇ ಜಾಡಿಯ ಮರಿಗಳು

ಮಂಗಳೂರು
೧೪ ಮಾರ್ಚ್ ೧೯೫೪

ಪ್ರೀತಿಯ ಅಕ್ಕನಿಗೆ,

ಕ್ಷೇಮವೆಂದು ಬರೆಯಲು ಕೈ ಏಳುತ್ತಿಲ್ಲ. ಮೈಯೆಲ್ಲ ಉರಿಯುತ್ತಿದೆ. ಜ್ವರವಲ್ಲ, ಸಿಟ್ಟು. ಇಲ್ಲಿ ನನ್ನ ಮಾತು ಕೇಳಲು ಇರುವವರು ಮನೆಯೊಡತಿ ಒಬ್ಬರೇ, ಅವರಿಗೆ ತುಳು ಬಿಟ್ಟರೆ ಬೇರೆ ಬಾರದು. ಹಾಗಾಗಿ ನಿನ್ನ ತಲೆ ತಿನ್ನುತ್ತೇನೆ. ತುಂಬಿದ ಬಸುರಿಗೆ ಇಂಥದ್ದೆಲ್ಲ ಬರೆಯಬಾರದು ಎಂದು ಭಾವ ಬಯ್ದರೆ ಬಯ್ಯಲಿ.

ದೀಪಾವಳಿಗೆ ಬಂದಿದ್ದಾಗ ನೀನು ಕೇಳಿದ್ದೆ, ಕಾಲೇಜು ಮುಗಿದ ಮೇಲೂ ಅಲ್ಲಿ ಕೂತು ಏನು ಓದುತ್ತೀಯ ಅಂತ. ಸಮುದ್ರದ ಬಂಡೆಗೆ, ದೋಣಿಯ ಅಡಿಗೆ, ಬಂದರಿನ ಕಂಬಕ್ಕೆ ಸುಣ್ಣದ ಹರಳಿನ ಹಾಗೆ ಕಚ್ಚಿಕೊಂಡಿರುವ ಒಂದು ಪ್ರಾಣಿ ಇದೆ. ಇಂಗ್ಲಿಷಿನಲ್ಲಿ ಬಾರ್ನಕಲ್ ಅನ್ನುತ್ತಾರೆ. ಬರಿಗಾಲಲ್ಲಿ ತುಳಿದರೆ ಅಂಗಾಲು ಸೀಳುತ್ತದೆ. ಚಿಪ್ಪಿನೊಳಗೆ ತಲೆ ಕೆಳಗಾಗಿ ಕೂತು, ಕಾಲಿನಿಂದ ನೀರು ಬಾಚಿಕೊಂಡು ಸಿಕ್ಕಿದ್ದು ತಿನ್ನುತ್ತದೆ. ಮೊಟ್ಟೆಯನ್ನು ಚಿಪ್ಪಿನೊಳಗೇ ಇಟ್ಟುಕೊಂಡಿದ್ದು, ಒಡೆದ ಮೇಲೆ ಮರಿಯನ್ನು ನೀರಿಗೆ ಬಿಡುತ್ತದೆ. ಮರಿ ಸ್ವಲ್ಪ ಕಾಲ ಈಜಾಡುತ್ತದೆ, ಆಮೇಲೆ ಒಂದು ಬಂಡೆ ಹಿಡಿದು ಕೂತರೆ ಸಾಯುವವರೆಗೆ ಅಲ್ಲೇ. ಮದುವೆಯಾದ ಹೆಣ್ಣಿನ ಹಾಗೆ ಅಂದರೆ ನೀನು ನಗುತ್ತೀಯ.

ಆ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅಳೆಯುವುದು ನನ್ನ ಕೆಲಸ. ಪುಸ್ತಕದಲ್ಲಿ ಈ ಜಾತಿಯ ಮೊಟ್ಟೆ ಇಷ್ಟೇ ಗಾತ್ರ ಎಂದು ಒಂದು ಅಂಕಿ ಇದೆ. ನನಗೆ ಹಾಗೆ ಸಿಗಲಿಲ್ಲ. ಒಂದೇ ಬಂಡೆಯ ಮೇಲೆ ಅಕ್ಕಪಕ್ಕ ಕೂತ ಎರಡು ತಾಯಂದಿರಲ್ಲಿ ಒಂದರದು ದೊಡ್ಡ ಮೊಟ್ಟೆ, ಇನ್ನೊಂದರದು ಸಣ್ಣ. ಮಳೆ ನಿಂತ ಮೇಲೆ ಒಂದು ಅಳತೆ, ಬಿಸಿಲು ಬಲಿತ ಮೇಲೆ ಇನ್ನೊಂದು. ದೊಡ್ಡ ಮೊಟ್ಟೆಯಿಂದ ದೊಡ್ಡ ಮರಿ, ಸಣ್ಣದರಿಂದ ಸಣ್ಣ ಮರಿ. ಇದನ್ನು ಬರೆದುಕೊಂಡು ಹೋದರೆ ನಮ್ಮ ಪ್ರೊಫೆಸರು ಹಾಳೆ ನೋಡಿ, "ಮೊದಲು ಕಣ್ಣು ತೋರಿಸ್ಕೊಂಡು ಬನ್ನಿ" ಅಂದರು, ಹುಡುಗರೆಲ್ಲರ ಎದುರಿಗೆ. ಸಣ್ಣವೆಲ್ಲ ಕೆಟ್ಟ ಮೊಟ್ಟೆಯಂತೆ. ಅವನ್ನು ಲೆಕ್ಕದಿಂದ ಹೊಡೆದು ಹಾಕಿ, ಚೊಕ್ಕ ಮಾಡಿಕೊಂಡು ತರಬೇಕಂತೆ. ಬಿಸಿಲಲ್ಲಿ ಬಂಡೆಯ ಮೇಲೆ ಬಗ್ಗಿ ಕೆರೆದವಳು ನಾನು, ನೆರಳಲ್ಲಿ ಕೂತು ಚೊಕ್ಕ ಮಾಡು ಅನ್ನುವವರು ಅವರು.

ಒಂದು ವಿಷಯದಲ್ಲಿ ಮಾತ್ರ ಅವರ ಮಾತು ಒಪ್ಪಬೇಕಾಯಿತು. ದೊಡ್ಡ ಮರಿ, ಸಣ್ಣ ಮರಿ ಎರಡನ್ನೂ ಜಾಡಿಯಲ್ಲಿ ಸಾಕಿದ್ದೆ. ಸಣ್ಣವು ಒಂದೂ ಉಳಿಯಲಿಲ್ಲ, ವಾರದೊಳಗೆ ತಳಕ್ಕೆ ಕೂತವು. "ನೋಡಿ, ಬದುಕದೇ ಇರೋದರ ಮೇಲೆ ಯಾಕೆ ಹೊತ್ತು ಹಾಕ್ತೀರಿ" ಅಂದರು. ನಿಜ ಅಕ್ಕ, ಬದುಕುವುದು ದೊಡ್ಡ ಮರಿಯೇ. ಸಣ್ಣದನ್ನು ನೆಚ್ಚಿಕೊಂಡು ಕೂರುವುದು ದಂಡ. ನಾನೂ ಅದೇ ಸಿಟ್ಟಿನಲ್ಲಿ ಜಾಡಿಯ ತಳದಲ್ಲಿದ್ದ ಆ ಸತ್ತವನ್ನು ಮೋರಿಗೆ ಸುರಿದು ಬಂದೆ.

ನಿನಗೆ ಯುಗಾದಿಯ ಹೊತ್ತಿಗೆ ಅಲ್ಲವೆ? ಅವ್ವ ಇದ್ದಿದ್ದರೆ ತವರಿಗೆ ಕರೆಸಿಕೊಳ್ಳುತ್ತಿದ್ದಳು. ಇಲ್ಲದ್ದಕ್ಕೆ ನಿನ್ನ ಅತ್ತೆಯ ಕೈಯೇ ಗತಿ. ಹುಷಾರಾಗಿರು.

ನಿನ್ನ ತಂಗಿ
ವನಜ


ಹೆಬ್ಬಾಲೆ, ಕೊಡಗು ರಾಜ್ಯ
೩೦ ಮಾರ್ಚ್ ೧೯೫೪

ಚಿ|| ವನಜಳಿಗೆ ಭಾವ ಕೃಷ್ಣಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಅಕ್ಕನಿಗೆ ಹೋದ ಗುರುವಾರ ಹೆರಿಗೆ ಆಯಿತು. ಒಂದಲ್ಲ, ಎರಡು ಗಂಡು. ಸೂಲಗಿತ್ತಿ ಮೊದಲನೆಯದನ್ನು ಒರೆಸುತ್ತಿರುವಾಗಲೇ ಇನ್ನೊಂದು ಬಂತಂತೆ. ಕಾಂತ ಚೆನ್ನಾಗಿದ್ದಾಳೆ, ಸೋತಿದ್ದಾಳೆ. ಮೊದಲು ಬಂದವನು ದಪ್ಪಗೆ, ಕೆಂಪಗೆ, ಊರಿಗೇ ಕೇಳುವ ಹಾಗೆ ಅಳುತ್ತಾನೆ. ಎರಡನೆಯವನು ಬಹಳ ಸಣ್ಣ, ಅಂಗೈ ಮೇಲೆ ಮಲಗಿಸಿದರೆ ಕಾಲು ಮಾತ್ರ ಹೊರಗೆ ಬರುತ್ತದೆ. ಅಳುವುದಕ್ಕೂ ಅವನಿಗೆ ತ್ರಾಣವಿಲ್ಲ.

ನಿನ್ನ ಕಾಗದ ಹೆರಿಗೆಗೆ ಮುಂಚೆಯೇ ಬಂದಿತ್ತು. ನಮ್ಮ ಮನೆಯ ರೂಢಿ ನಿನಗೆ ಗೊತ್ತು. ನಮ್ಮಪ್ಪ ಅರಕಲಗೂಡು ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದಾಗ, ಆ ಕಡೆಯಿಂದ ಯಾರ ಮನೆಗೆ ಕಾಗದ ಬಂದರೂ ಜಗಲಿಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಓದುತ್ತಿದ್ದರಂತೆ. ಈಗಲೂ ಹಾಗೆಯೇ. ನಿನ್ನದನ್ನೂ ಓದಿ ಹೇಳಿದೆ. ನಮ್ಮವ್ವ ತುಂಬಾ ಮೆಚ್ಚಿದಳು. ಅವಳು ಕೋಳಿ ಕಾವಿಗೆ ಕೂರಿಸುವಾಗ ಒಂದೊಂದು ಮೊಟ್ಟೆಯನ್ನೂ ಕೈಯಲ್ಲಿ ತೂಗಿ, ಸಣ್ಣವನ್ನು ಸಾರಿಗೆ ಎತ್ತಿಡುವುದು ನೀನೇ ನೋಡಿದ್ದೀಯಲ್ಲ. "ಸಮುದ್ರದಲ್ಲೂ ಹಂಗೇಯಾ. ಓದಿದ್ ಹುಡ್ಗಿ, ಸರಿಯಾಗ್ ಬರ್ದವಳೆ" ಅಂದಳು.

ಕಾಂತಳಿಗೆ ಹಾಲು ಒಬ್ಬನಿಗೆ ಸಾಲುವಷ್ಟೇ ಇದೆ. ಆದ್ದರಿಂದ ಅವ್ವ ಹೇಳಿದ ಹಾಗೆ ಮೊದಲು ದೊಡ್ಡವನಿಗೆ ಹೊಟ್ಟೆ ತುಂಬಾ ಕುಡಿಸಿ, ಉಳಿದರೆ ಸಣ್ಣವನಿಗೆ. ಇಲ್ಲದಿದ್ದರೆ ಬತ್ತಿಯಲ್ಲಿ ಸಕ್ಕರೆ ನೀರು. ಇರುವವನನ್ನಾದರೂ ಗಟ್ಟಿಯಾಗಿ ಉಳಿಸಿಕೊಳ್ಳಬೇಕು ಎಂಬುದು ನಮ್ಮೆಲ್ಲರ ಆಸೆ. ಕಾಂತ ಮೊದಲು ಒಪ್ಪಲಿಲ್ಲ. ನಿನ್ನ ಕಾಗದದ ಆ ಭಾಗವನ್ನು ಮತ್ತೊಮ್ಮೆ ಓದಿ ಹೇಳಿದೆ. ಈಗ ಸುಮ್ಮನಾಗಿದ್ದಾಳೆ.

ಉಳಿದಂತೆ ಎಲ್ಲ ಕ್ಷೇಮ. ಕೊಡಗು ಮೈಸೂರಿಗೆ ಸೇರುತ್ತದೋ ಹೀಗೇ ಇರುತ್ತದೋ ಎಂದು ಸಂತೆಯಲ್ಲಿ ಬಾಯಿಗೆ ಬಂದ ಹಾಗೆ ಮಾತಾಡುತ್ತಾರೆ. ರಜೆ ಸಿಕ್ಕರೆ ಬಂದು ಮಕ್ಕಳನ್ನು ನೋಡಿ ಹೋಗು.

ಇತಿ ನಿನ್ನ ಭಾವ
ಕೃಷ್ಣಪ್ಪ


ಮಂಗಳೂರು
೪ ಏಪ್ರಿಲ್ ೧೯೫೪

ಭಾವನವರಿಗೆ,

ನಿಮ್ಮ ಕಾಗದದ ಅರ್ಧ ಓದಿ, ಓಡಿಹೋಗಿ ಮನೆಯೊಡತಿಗೆ ಬೆಲ್ಲ ಕೊಟ್ಟು ಬಂದೆ. ಉಳಿದರ್ಧ ಓದಿದ ಮೇಲೆ ಆ ಬೆಲ್ಲವನ್ನು ಅವರ ಕೈಯಿಂದ ಕಿತ್ತುಕೊಂಡು ಬರಬೇಕೆನ್ನಿಸಿತು. ಇವತ್ತು ಯುಗಾದಿ, ಬೇವು ತಿನ್ನುವ ಅಗತ್ಯವೇ ಬೀಳಲಿಲ್ಲ.

ನಾನು ಬರೆದದ್ದು ಬಂಡೆಯ ಮೇಲಿನ ಚಿಪ್ಪಿನ ವಿಚಾರ. ಅದರ ಮೊಟ್ಟೆ ಸಾಸಿವೆಕಾಳಿನಷ್ಟೂ ಇರುವುದಿಲ್ಲ. ಒಂದು ತಾಯಿ ಸಾವಿರಗಟ್ಟಲೆ ಇಡುತ್ತದೆ, ಒಂದರ ಮುಖವನ್ನೂ ನೋಡುವುದಿಲ್ಲ. ನನ್ನ ಅಕ್ಕ ಎರಡು ಹೆತ್ತಿದ್ದಾಳೆ. ಎರಡರ ಮುಖವನ್ನೂ ನೋಡಿದ್ದಾಳೆ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವ ಬುದ್ಧಿ ನಿಮಗೆ ಎಲ್ಲಿಂದ ಬಂತು? ನಿಮ್ಮ ಅವ್ವ ಓದಿದವರಲ್ಲ, ಅವರ ಮಾತು ಬಿಡಿ. ನೀವು ಹೈಸ್ಕೂಲು ಮುಗಿಸಿದವರು. ಪ್ರೊಫೆಸರ ಮೇಲಿನ ಸಿಟ್ಟಿಗೆ ನಾನು ಗೀಚಿದ ನಾಲ್ಕು ಸಾಲನ್ನು, ಹಸಿ ಬಾಣಂತಿಯ ಎದುರು ಎರಡೆರಡು ಸಲ ಓದಿ ಅವಳ ಬಾಯಿ ಮುಚ್ಚಿಸಿದಿರಿ. ಅದನ್ನು ನನಗೇ ಬರೆದು ತಿಳಿಸುತ್ತೀರಿ, ಏನೋ ಉಪಕಾರ ಮಾಡಿದವರ ಹಾಗೆ.

ಆ ಕಾಗದ ನನ್ನ ಅಕ್ಕನಿಗೆ ಬರೆದದ್ದು. ನಿಮ್ಮ ಜಗಲಿಗೆ ಬರೆದದ್ದಲ್ಲ.

ಇದನ್ನು ಮಾತ್ರ ಜಗಲಿಗೇ ಬರೆಯುತ್ತಿದ್ದೇನೆ. ಎಲ್ಲರನ್ನೂ ಕೂರಿಸಿ, ಒಂದಕ್ಷರ ಬಿಡದೆ ಓದಿ. ಸಣ್ಣ ಕೂಸಿಗೂ ಹಾಲು ಕೊಡಬೇಕು. ಹಾಲು ಸಾಲದಿದ್ದರೆ ಅಕ್ಕನಿಗೆ ಹೊಟ್ಟೆ ತುಂಬಾ ಊಟ ಕೊಡಿ, ಬಾಣಂತಿಗೆ ಪಥ್ಯ ಪಥ್ಯ ಎಂದು ಒಣಗಿಸಬೇಡಿ. ಹಸುವಿನ ಹಾಲಾದರೂ ಕಾಯಿಸಿ ನೀರು ಬೆರೆಸಿ ಕೊಡಿ. ಸಕ್ಕರೆ ನೀರಿನಲ್ಲಿ ಇರುವೆ ಬದುಕುತ್ತದೆ, ಮನುಷ್ಯ ಬದುಕುವುದಿಲ್ಲ.

ರಜೆ ಕೇಳಿದ್ದೇನೆ. ಪರೀಕ್ಷೆ ಮುಗಿಯುವವರೆಗೆ ಇಲ್ಲ ಅಂದಿದ್ದಾರೆ. ಅಕ್ಕನಿಗೆ ಹೇಳಿ.

ವನಜ


ಹೆಬ್ಬಾಲೆ
೧೧ ಏಪ್ರಿಲ್ ೧೯೫೪

ವನಜಾ,

ಇದನ್ನು ನಾನೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನ ಅಕ್ಷರ, ಅಡ್ಡಾದಿಡ್ಡಿ ಇದ್ದರೆ ನೀನೇ ಕೂಡಿಸಿ ಓದಿಕೊ. ಜಗಲಿಗೆ ಗೊತ್ತಿಲ್ಲ. ಗದ್ದೆ ಕೆಲಸಕ್ಕೆ ಬರುತ್ತಾಳಲ್ಲ ಚೋಮಿ, ಅವಳು ಕುಶಾಲನಗರದ ಸಂತೆಗೆ ಹೋಗುವಾಗ ಡಬ್ಬಿಗೆ ಹಾಕುತ್ತೇನೆ ಅಂದಿದ್ದಾಳೆ. ಅವಳಿಗೂ ಮೊಲೆಗೂಸಿದೆ, ಬೆನ್ನಿಗೆ ಕಟ್ಟಿಕೊಂಡೇ ತಿರುಗುತ್ತಾಳೆ.

ನಿನ್ನ ಕಾಗದವನ್ನು ನಿನ್ನ ಭಾವ ಒಂದಕ್ಷರ ಬಿಡದೆ ಓದಿದರು. ತಮಗೆ ಬಯ್ದದ್ದನ್ನೂ ಓದಿದರು, ಅಷ್ಟರ ಮಟ್ಟಿಗೆ ಪ್ರಾಮಾಣಿಕರು. ಅತ್ತೆ ಎಲೆಯಡಿಕೆ ಜಗಿಯುತ್ತಾ ಕೇಳಿಸಿಕೊಂಡು, "ಮೊದ್ಲು ಬರೆವಾಗ ಕೂಸು ಹುಟ್ಟಿರ್ನಿಲ್ಲ, ಇದ್ದದ್ದು ಇದ್ದಂಗೆ ಬರುದ್ಲು. ಈಗ ಕರುಳು ಚುರುಕ್ ಅಂದದೆ, ಅದ್ಕೆ ಬ್ಯಾರೆ ಬರೀತಾಳೆ" ಅಂದರು. ಹೋಗಿ ಉಗುಳಿ ಬಂದರು. ಮುಗಿಯಿತು ನಿನ್ನ ಕಾಗದದ ಕತೆ.

ಅವರ ಮೇಲೆ ನನಗೆ ಸಿಟ್ಟಿದೆ. ಆದರೆ ಅವರಿಗೂ ಅವಳಿ ಹುಟ್ಟಿದ್ದವಂತೆ, ನಿನ್ನ ಭಾವನಿಗಿಂತ ಮುಂಚೆ. "ಇದ್ದ ಹಾಲ ಇಬ್ರಿಗೂ ಹಂಚ್ದೆ. ಇಬ್ರೂ ಅರೆಹೊಟ್ಟೇಲಿ ಹೋದೊ. ಒಂದಾದ್ರೂ ಉಳಿಸ್ಕಬೇಕಾಗಿತ್ತು" ಅಂತ ಹೇಳಿದರು. ಹೇಳುವಾಗ ಅವರ ಕಣ್ಣು ಒದ್ದೆಯಾಗಲಿಲ್ಲ.

ನಿನ್ನ ಮೇಲಿನ ಸಿಟ್ಟು ಬೇರೆ. ಅದನ್ನು ಹೇಳಲೆಂದೇ ಕೂತಿದ್ದೇನೆ. ಭಾವನಿಗೆ ಬುದ್ಧಿ ಇಲ್ಲ ಅಂತ ಬರೆದೆ. ನಿನಗಿತ್ತೇನೇ? ಬಸುರಿ ಅಕ್ಕನಿಗೆ ಕಾಗದ ಬರೆಯುವವಳು, ಸಣ್ಣದು ಸಾಯುತ್ತದೆ, ಅದನ್ನು ನೆಚ್ಚುವುದು ದಂಡ ಅಂತ ಬರೀತೀಯ. ನಮ್ಮ ಮನೆಯಲ್ಲಿ ಕಾಗದ ಎಲ್ಲರೆದುರು ಓದುತ್ತಾರೆ ಅಂತ ನಿನಗೆ ಗೊತ್ತಿರಲಿಲ್ಲವೆ? ನಿನ್ನ ಮೆಟ್ರಿಕ್ ಪಾಸಾದ ಕಾಗದವನ್ನು ಅದೇ ಜಗಲಿಯಲ್ಲಿ ಓದಿದಾಗ ಹಿಗ್ಗಿದ್ದೆಯಲ್ಲ. ಹೊಗಳಿಕೆಗಾದರೆ ಜಗಲಿ ಬೇಕು. ಈಗ ಬೇಡವಾಯಿತು.

ಇನ್ನೊಂದು. ಸಣ್ಣವು ಸತ್ತವು ಅಂತ ಬರೆದೆ. ಯಾಕೆ ಸತ್ತವು ಅಂತ ಬರೆಯಲಿಲ್ಲ. ನೋಡಿದ್ದೀಯ, ಇಲ್ಲ ಮೋರಿಗೆ ಸುರಿದು ಕೈ ತೊಳೆದುಕೊಂಡೆಯ?

ಸಣ್ಣವನಿಗೆ ಹಸುವಿನ ಹಾಲು ಕೊಟ್ಟೆವು. ಕಕ್ಕಿ, ಭೇದಿಯಾಗಿ, ಇನ್ನೂ ಇಳಿದು ಹೋದ. ತೊಡೆಯ ಚರ್ಮ ಅಜ್ಜನ ಚರ್ಮದ ಹಾಗೆ ಜೋತಿದೆ. ದೊಡ್ಡವನು ಕುಡಿಯುವಾಗ ಇವನು ಪಕ್ಕದಲ್ಲಿ ಮಲಗಿ ಬಾಯಿ ಆಡಿಸುತ್ತಾನೆ, ಸದ್ದಿಲ್ಲದೆ. ದೊಡ್ಡವನನ್ನು ಕಿತ್ತು ಇವನನ್ನು ಹಾಕಿಕೊಂಡರೆ ಅತ್ತೆ ಬಂದು ಕೂರುತ್ತಾರೆ. ಅವರು ಬಯ್ಯುವುದಿಲ್ಲ, ಸುಮ್ಮನೆ ಕೂತು ನೋಡುತ್ತಾರೆ.

ನನಗೆ ಉತ್ತರ ಬೇಕು. ಬುದ್ಧಿವಾದ ಬೇಡ.

ಕಾಂತ


ಮಂಗಳೂರು
೨೫ ಏಪ್ರಿಲ್ ೧೯೫೪

ಅಕ್ಕಾ,

ನಿನ್ನ ಕಾಗದಕ್ಕೆ ತಕ್ಷಣ ಉತ್ತರ ಬರೆಯಲು ಕೂತೆ. ಯಾಕೆ ಸತ್ತವು ಎಂದು ನಾನು ನೋಡಿರಲಿಲ್ಲ. ಸಣ್ಣದು, ಸತ್ತಿತು ಎಂದು ಗೆರೆ ಎಳೆದಿದ್ದೆ. ಇಲ್ಲಿ ಯಾರೂ ಕೇಳಲಿಲ್ಲ, ಪ್ರೊಫೆಸರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಮೊದಲ ದಿನ ಊಟ ಸೇರಲಿಲ್ಲ. ಆಮೇಲೆ ಊಟ ಬಿಟ್ಟು ನಿನಗೇನು ಉಪಕಾರ ಎಂದುಕೊಂಡು, ಉಂಡು, ಬಂಡೆಯ ಹತ್ತಿರ ಹೋದೆ.

ಮತ್ತೆ ಮೊದಲಿಂದ ಮಾಡಿದೆ. ಹಿಂದೆ ಜಾಡಿ ಸಾಲದೆಂದು ದೊಡ್ಡ ಮರಿ, ಸಣ್ಣ ಮರಿ ಎಲ್ಲವನ್ನೂ ಒಂದೇ ಜಾಡಿಯಲ್ಲಿ ಬಿಟ್ಟಿದ್ದೆ. ಅವು ತಿನ್ನುವುದು ನೀರಿನಲ್ಲಿ ಬೆಳೆಯುವ ಪಾಚಿಯಂಥ ಒಂದು ಪುಡಿಯನ್ನು. ಅದನ್ನೂ ಅಳೆದು ಜಾಡಿಗೆ ಒಂದೇ ಚಮಚ ಹಾಕುತ್ತಿದ್ದೆ. ಈ ಸಲ ಬೇರೆ ಬೇರೆ ಜಾಡಿ ಮಾಡಿದೆ. ಸಣ್ಣವಕ್ಕೆ ಅವುಗಳದೇ ಜಾಡಿ, ಅವುಗಳದೇ ಮೇವು. ಇನ್ನೊಂದು ಜಾಡಿಯಲ್ಲಿ ದೊಡ್ಡವನ್ನು ಬಿಟ್ಟು, ಮೇವು ಹಾಕದೆ ಇಟ್ಟೆ.

ಸಣ್ಣವು ಬದುಕಿವೆ ಅಕ್ಕ. ಎಲ್ಲವೂ ಅಲ್ಲ, ಬಹಳಷ್ಟು. ಪೊರೆ ಬಿಟ್ಟು ಬೆಳೆದಿವೆ, ಈಗ ನೋಡಿದರೆ ಯಾವುದು ಸಣ್ಣ ಮೊಟ್ಟೆಯದು ಎಂದು ಹೇಳಲಾಗುವುದಿಲ್ಲ. ಮೇವಿಲ್ಲದ ದೊಡ್ಡವು ಸತ್ತಿವೆ. ಹಿಂದಿನ ಸಣ್ಣವಕ್ಕಿಂತ ನಾಲ್ಕು ದಿನ ತಡವಾಗಿ, ಆದರೆ ಸತ್ತಿವೆ. ದೊಡ್ಡ ಮೊಟ್ಟೆಯಲ್ಲಿ ತಾಯಿ ಸ್ವಲ್ಪ ಹೆಚ್ಚು 'ಬುತ್ತಿ' ಕಟ್ಟಿ ಕಳಿಸಿರುತ್ತದೆ, ಅಷ್ಟೇ ವ್ಯತ್ಯಾಸ. ಒಂದೇ ಜಾಡಿಯಲ್ಲಿ ದೊಡ್ಡವು ಎಲ್ಲ ತಿಂದವು, ಸಣ್ಣವು ಹಸಿದು ಸತ್ತವು. ಹಸಿದದ್ದನ್ನು ನಾನು ಹುಟ್ಟಿನ ದೋಷ ಎಂದು ಬರೆದೆ.

ಪ್ರೊಫೆಸರಿಗೆ ತೋರಿಸಿದೆ. "ಸಮುದ್ರ ಯಾರಿಗೂ ಬೇರೆ ಜಾಡಿ ಕೊಡೋದಿಲ್ಲ ಕಣಮ್ಮ" ಅಂದರು. ಸಮುದ್ರಕ್ಕೆ ಮನಸ್ಸಿಲ್ಲ ಸಾರ್, ಮನುಷ್ಯರಿಗೆ ಇರುತ್ತದೆ ಅಂತ ಕೇಳಿದ್ದೇನೆ ಅಂದೆ. ಪ್ರಯೋಗಶಾಲೆಯ ಬೀಗದಕೈ ವಾಪಸು ಕೇಳಿದ್ದಾರೆ. ನಾನು ಕೊಟ್ಟಿಲ್ಲ.

ಇದರ ಜೊತೆಗೆ ಇನ್ನೊಂದು ಹಾಳೆ ಇಟ್ಟಿದ್ದೇನೆ, ನಿನ್ನ ಅತ್ತೆಗೆ. ಅದನ್ನು ಭಾವನ ಕೈಗೆ ಕೊಡು.

ವನಜ

(ಜೊತೆಯ ಹಾಳೆ)

ಸಿದ್ದಮ್ಮನವರಿಗೆ ವನಜ ಮಾಡುವ ನಮಸ್ಕಾರ. ನನ್ನ ಮೊದಲ ಕಾಗದವನ್ನು ನೀವು ಮೆಚ್ಚಿದಿರಂತೆ. ಅದರಲ್ಲಿ ಬರೆದದ್ದು ತಪ್ಪು. ಕರುಳು ಚುರುಕ್ ಎಂದು ಈಗ ಬೇರೆ ಬರೆಯುತ್ತಿಲ್ಲ, ಮತ್ತೆ ಮಾಡಿ ನೋಡಿ ಬರೆಯುತ್ತಿದ್ದೇನೆ. ಸಣ್ಣ ಮರಿ ಸತ್ತದ್ದು ಸಣ್ಣದು ಎಂದಲ್ಲ, ದೊಡ್ಡದರ ಪಕ್ಕದಲ್ಲಿ ಹಸಿದಿತ್ತು ಎಂದು. ಬೇರೆ ಜಾಡಿಯಲ್ಲಿ ಹಾಕಿ ಹೊಟ್ಟೆ ತುಂಬಿಸಿದರೆ ಅದೂ ದೊಡ್ಡದರಷ್ಟೇ ಆಗುತ್ತದೆ. ನಿಮ್ಮ ಮನೆಯ ಸಣ್ಣ ಕೂಸಿಗೆ ರೋಗವಿಲ್ಲ, ಹಸಿವಿದೆ. ಅದನ್ನು ಸಾಯಲು ಬಿಟ್ಟರೆ ಅದರ ಹಣೆಬರಹ ಎಂದು ಹೇಳಬೇಡಿ. ಹೇಳಲು ನಾನು ಬಿಡುವುದಿಲ್ಲ.


ಹೆಬ್ಬಾಲೆ
೬ ಮೇ ೧೯೫೪

ವನಜಾ,

ನಿನ್ನ ಕಾಗದ, ಹಾಳೆ ಎರಡನ್ನೂ ಜಗಲಿಯಲ್ಲಿ ಓದಿದರು, ನಾನು ನಿನಗೆ ಬರೆದದ್ದು ಎಲ್ಲರಿಗೂ ಗೊತ್ತಾಯಿತು. ಓದುವಾಗ ನಿನ್ನ ಭಾವನ ದನಿ ಕೊನೆಗೆ ಬರುಬರುತ್ತಾ ಸಣ್ಣಗಾಯಿತು. ಅತ್ತೆ ಈ ಸಲ ಉಗುಳಲು ಎದ್ದು ಹೋಗಲಿಲ್ಲ. "ಆಯ್ತು ಕಣಪ್ಪ, ನಿಜವೇ ಇದ್ದಾತು. ಅವಳತ್ರ ಎಲ್ಡು ಜಾಡಿ ಅವೆ. ನಮ್ಮತ್ರ ಎಲ್ಡ್ನೆ ಜಾಡಿ ಎಲ್ಲದೆ? ತೋರ್ಸಿ" ಅಂದರು. ನಿನ್ನ ಭಾವ ಹಾಳೆ ಮಡಚಿ ಸೂರಿಗೆ ಸಿಕ್ಕಿಸಿದರು. ಅಷ್ಟೇ ಅವರಿಂದ ಆಗುವುದು.

ನಾನು ಒಳಗೆ ಮಲಗಿ ಕೇಳಿಸಿಕೊಂಡೆ. ಎರಡನೇ ಜಾಡಿ ದಿನಾ ಬೆಳಿಗ್ಗೆ ನಮ್ಮ ಕೊಟ್ಟಿಗೆಯ ಸಗಣಿ ಬಾಚಿ ಹೋಗುತ್ತದೆ ಅಂತ ನನಗೆ ಹೊಳೆಯಲು ಇಷ್ಟು ದಿನ ಬೇಕಾಯಿತು. ಅತ್ತೆಗೂ ಹೊಳೆಯಲಿಲ್ಲ. ಹೊಳೆಯುವುದು ಹೇಗೆ, ಚೋಮಿಗೆ ನಾವು ನೀರನ್ನೂ ಮೇಲಿಂದ ಹೊಯ್ಯುವವರು.

ಮರುದಿನ ಸಣ್ಣವನನ್ನು ಸೆರಗಲ್ಲಿ ಸುತ್ತಿಕೊಂಡು ಕೊಟ್ಟಿಗೆಗೆ ಹೋದೆ. ಬಾಣಂತಿ ಹೊಸ್ತಿಲು ದಾಟಬಾರದು, ದಾಟಿದೆ. ಚೋಮಿಗೆ ಹೇಳಿದೆ. ಅವಳು ಪೊರಕೆ ಹಿಡಿದುಕೊಂಡೇ ನಿಂತಳು. "ಅವ್ವಾರೆ, ಗೊತ್ತಾದ್ರೆ ನಿಮ್ಗೊಂದು ಮಾತು ಅಂತಾರೆ. ನಂಗೆ ಬಾಳಕ್ಕೇ ಬುಡಾಕಿಲ್ಲ" ಅಂದಳು. ಆಮೇಲೆ, "ನನ್ ಕೂಸ್ಗೆ ಕಮ್ಮಿ ಆದ್ರೆ ಏನ್ ಮಾಡ್ಲಿ?" ಅಂದಳು. ಅವಳು ಕೇಳಿದ್ದರಲ್ಲಿ ತಪ್ಪೇನಿದೆ. ನಾನೂ ಅದನ್ನೇ ತಾನೆ ನನ್ನ ಅತ್ತೆಯ ಬಾಯಲ್ಲಿ ಕೇಳಿ ಉರಿದದ್ದು. ನನಗೆ ಕೊಡುವ ತುಪ್ಪ, ಕೊಬ್ಬರಿ ಬೆಲ್ಲ, ಕೋಳಿ ಸಾರು ಎಲ್ಲದರಲ್ಲೂ ಪಾಲು ನಿನಗೆ ತರುತ್ತೇನೆ, ನಿನ್ನ ಕೂಸು ಮೊದಲು ಕುಡಿಯಲಿ, ಆಮೇಲೆ ನನ್ನದು ಅಂದೆ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ಆಮೇಲೆ ಹುಲ್ಲಿನ ಮೆದೆಯ ಹಿಂದೆ ಕೂತು ಕೈ ಚಾಚಿದಳು.

ಸಣ್ಣವನು ಮೊದಲು ಹಿಡಿಯಲೇ ಇಲ್ಲ. ಮರೆತುಬಿಟ್ಟಿದ್ದಾನೇನೋ ಅಂದುಕೊಂಡೆ. ಚೋಮಿ ಹಾಲು ಹಿಂಡಿ ತುಟಿಗೆ ಸವರಿದಳು. ಹಿಡಿದ. ನುಂಗುವ ಸದ್ದು ಕೇಳಿಸಿತು. ಅವನ ಬಾಯಿಂದ ನಾನು ಕೇಳಿದ ಮೊದಲ ಸದ್ದು ಅದು.

ದಿನಾ ಎರಡು ಹೊತ್ತು ಹೀಗೆ ನಡೆಯುತ್ತಿದೆ. ಉತ್ತರ ಬರೆಯುವಾಗ ಚೋಮಿಯ ಹೆಸರು ಎತ್ತಬೇಡ, ಕಾಗದ ಜಗಲಿಗೆ ಹೋಗುತ್ತದೆ. ಈ ಸಲವಾದರೂ ನೆನಪಿಟ್ಟುಕೊ.

ಕಾಂತ


ಮಂಗಳೂರು
೧೫ ಮೇ ೧೯೫೪

ಪ್ರೀತಿಯ ಅಕ್ಕನಿಗೂ ಮನೆಯ ಎಲ್ಲರಿಗೂ,

ಕಾಗದ ತಲುಪಿತು. ಮಕ್ಕಳಿಬ್ಬರೂ ಕ್ಷೇಮವೆಂದು ತಿಳಿದು ಬಹಳ ಸಂತೋಷವಾಯಿತು. ನಾನೂ ಆರೋಗ್ಯವಾಗಿದ್ದೇನೆ. ಇಲ್ಲಿ ಸೆಕೆ ಹೆಚ್ಚು. ಬೀಗದಕೈ ಕೊನೆಗೂ ಕಿತ್ತುಕೊಂಡರು. ಜಾಡಿಗಳನ್ನು ಮನೆಯೊಡತಿಯ ಹಿತ್ತಿಲಿಗೆ ತಂದಿಟ್ಟುಕೊಂಡಿದ್ದೇನೆ, ಅವರು ದಿನಾ ತುಳುವಿನಲ್ಲಿ ಬಯ್ಯುತ್ತಾರೆ. ಅಳತೆಯಲ್ಲಿ ಸಣ್ಣವನ್ನು ಬಿಟ್ಟು ಬರೆದರೆ ಅಚ್ಚಾಗುವ ಲೇಖನಕ್ಕೆ ನಿಮ್ಮ ಹೆಸರನ್ನೂ ಹಾಕುತ್ತೇವೆ ಅಂತ ಪ್ರೊಫೆಸರು ಅಂದಿದ್ದಾರೆ. ಬಿಡುವುದಿಲ್ಲ ಅಂದಿದ್ದೇನೆ. ಆ ಹೆಸರು ಇಲ್ಲದಿದ್ದರೆ ಹೋಯಿತು.

ಅತ್ತೆಯವರಿಗೆ ನಮಸ್ಕಾರ. ಇದಕ್ಕಿಂತ ಹೆಚ್ಚು ಬರೆಯಲು ಏನೂ ಇಲ್ಲ.

ವನಜ


ಹೆಬ್ಬಾಲೆ
೬ ಜೂನ್ ೧೯೫೪

ವನಜಾ,

ಗೊತ್ತಾಯಿತು. ಗೊತ್ತಾಗದೆ ಇರುತ್ತದೆಯೆ, ಸಣ್ಣವನು ಕೆನ್ನೆ ತುಂಬಿಕೊಂಡು ಕೂಗಲು ಶುರು ಮಾಡಿದ್ದ. ಅತ್ತೆ ಮೊದಲು ತಮ್ಮ ಬಜೆ ತೇಯ್ದು ನೆಕ್ಕಿಸಿದ್ದರ ಗುಣ ಅಂತ ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು. ಮೊನ್ನೆ ಕರುವಿಗೆ ಹುಲ್ಲು ಎಳೆಯಲು ಹೋದವರು ಮೆದೆಯ ಹಿಂದೆ ನೋಡಿಬಿಟ್ಟರು.

ಕೂಗಾಡುತ್ತಾರೆ ಅಂದುಕೊಂಡೆ. ಇಲ್ಲ. ಜಗಲಿಗೆ ಬಂದು, ದೊಡ್ಡವನನ್ನು ಮಡಿಲಲ್ಲಿ ಹಾಕಿಕೊಂಡು ಕೂತರು. ನಾನು ಸಣ್ಣವನನ್ನು ಎತ್ತಿಕೊಂಡು ಬರುವಾಗ ಕಾಲು ಅಡ್ಡ ಚಾಚಿದರು. "ಆ ಎದೆ ಕುಡ್ದ ಕೂಸು ಈ ಹೊಸ್ತಿಲು ದಾಟಂಗಿಲ್ಲ. ಕೊಟ್ಟಿಗೇಲಿ ಸಾಕ್ಕೊ, ಇಲ್ಲ ಅವಳಿಗೇ ಕೊಟ್ಟುಬುಡು. ಬದುಕ್ಲಿ ಅಂದೆ ನೀನು, ಬದುಕ್ತು. ಎಲ್ಲಾದ್ರೂ ಬದುಕ್ಲಿ. ಇವನು ಸಾಕು ನಮ್ಮನೆಗೆ" ಅಂದರು. ನಿನ್ನ ಭಾವನ ಮುಖ ನೋಡಿದೆ. ಅವರು ಅಂಗಳದ ಕಡೆ ನೋಡುತ್ತಿದ್ದರು.

ಇಷ್ಟು ದಿನ ನನ್ನ ಸಿಟ್ಟೆಲ್ಲ ಹೊಗೆಯಾಡುತ್ತಿತ್ತು ಅಷ್ಟೆ. ಆಗ ಹೊತ್ತಿಕೊಂಡಿತು. ಬಗ್ಗಿ ಅತ್ತೆಯ ಮಡಿಲಿಂದ ದೊಡ್ಡವನನ್ನು ಎತ್ತಿಕೊಂಡೆ. ಒಂದು ಕಂಕುಳಲ್ಲಿ ಅವನು, ಒಂದು ಕಂಕುಳಲ್ಲಿ ಇವನು. ನಡು ಮಧ್ಯಾಹ್ನ, ಬೀದಿಯಲ್ಲೇ ನಡೆದುಕೊಂಡು ಹೋದೆ. ಯಾರೋ ಎಲ್ಲಿಗೆ ಅಂತ ಕೇಳಿದರು. ಹಾಲಿಗೆ ಅಂದೆ.

ಚೋಮಿ ಗುಡಿಸಲ ಮುಂದೆ ಸೌದೆ ಸೀಳುತ್ತಿದ್ದಳು. ಅತ್ತೆ ಅಂದದ್ದನ್ನು ಅವಳೂ ಕೊಟ್ಟಿಗೆಯಿಂದಲೇ ಕೇಳಿಸಿಕೊಂಡು ಹೋಗಿದ್ದಳು. ನಾನು ಬಾಯಿ ತೆರೆಯುವ ಮುಂಚೆ ಅವಳೇ ಬಯ್ಯಲು ಶುರು ಮಾಡಿದಳು. ಮೊದಲು ನನಗೆ ಬಯ್ದಳು, ಬಯ್ಯಿಸಿಕೊಳ್ಳಬೇಕಾದದ್ದೇ. ನಿಮ್ಮ ಮನೆ ಜಗಳದೊಳಗೆ ನನ್ನ ಎದೆಯನ್ನು ಯಾಕೆ ಎಳೆದಿರಿ ಅಂದಳು. ನಾನು ದೊಡ್ಡವನನ್ನು ಮುಂದೆ ಹಿಡಿದೆ. ಇವನೂ ಕುಡಿಯಲಿ ಚೋಮಿ, ಆಮೇಲೆ ಯಾರನ್ನು ಹೊರಗಿಡುತ್ತಾರೆ ನೋಡೋಣ, ನಿನಗೆ ಬೇಡವಾದರೆ ಬೇಡ ಅನ್ನು, ನಾನು ಹೋಗುತ್ತೇನೆ ಅಂದೆ. ಅವಳು ಕೊಡಲಿ ಕೆಳಗಿಟ್ಟಳು. "ಕೊಟ್ಟಿಗೇಲಿ ಕದ್ದು ಕುಡಿವಾಗ ಅದು ಹಾಲಾಗಿತ್ತು, ನಿಮ್ಮತ್ತೆ ಕಣ್ಣಿಗ್ ಬಿದ್ಮೇಲೆ ಮೈಲಿಗೆ ಆಗೋಯ್ತಾ? ಕೊಡಿ ಇಲ್ಲಿ ಅವನ್ನ" ಅಂದು ನನ್ನ ಕೈಯಿಂದ ಕಿತ್ತುಕೊಂಡಳು. ಬಾಗಿಲಲ್ಲಿ, ಬೆಳಕಿಗೆ ಮುಖ ಮಾಡಿ ಕೂತಳು. ದೊಡ್ಡವನಿಗೆ ಯಾವ ಎದೆಯಾದರೇನು, ಗಟಗಟ ಕುಡಿದ.

ಇದರಿಂದ ಅವಳ ಕೆಲಸಕ್ಕೆ ಕುತ್ತು ಬರುತ್ತದೆ, ನನಗೆ ಗೊತ್ತು. ಅವಳನ್ನು ನಾಟಿಗೆ ಕರೆಯದಿದ್ದರೆ ನಾನೂ ಗದ್ದೆಗೆ ಇಳಿಯುವುದಿಲ್ಲ, ಒಲೆಯನ್ನೂ ಹಚ್ಚುವುದಿಲ್ಲ ಅಂತ ನಿನ್ನ ಭಾವನಿಗೆ ಹೇಳಿದ್ದೇನೆ. ಈ ಮಾತಿಗೆ ಅವರು ಹೂಂ ಅಂದಿದ್ದಾರೆ. ಮದುವೆಯಾದ ಮೇಲೆ ಅವ್ವನ ಮುಖ ನೋಡದೆ ಹೂಂ ಅಂದದ್ದು ಇದೇ ಮೊದಲು.

ವಾಪಸು ಬಂದಾಗ ಅತ್ತೆ ಹಾಗೇ ಕೂತಿದ್ದರು. ನನ್ನ ಹಿಂದೆ ಬೀದಿಯ ಹೆಂಗಸರು ನಾಲ್ಕಾರು ಜನ ಬಂದಿದ್ದರು, ತಮಾಷೆ ನೋಡಲು. ಇಬ್ಬರೂ ಕುಡಿದಿದ್ದಾರೆ ಅತ್ತೆ, ಎಲ್ಲರ ಕಣ್ಣೆದುರಿಗೇ ಕುಡಿದಿದ್ದಾರೆ, ಯಾರು ಒಳಗೆ ಯಾರು ಹೊರಗೆ ನೀವೇ ಹೇಳಿ ಅಂದೆ. ದೊಡ್ಡವನ ಗಲ್ಲದ ಮೇಲೆ ಹಾಲು ಇನ್ನೂ ಒಣಗಿರಲಿಲ್ಲ. ಅತ್ತೆ ಅವನ ಕಡೆ ಕೈ ಚಾಚಿದರು, ಅರ್ಧಕ್ಕೆ ಎಳೆದುಕೊಂಡರು. ನಾನು ಕದಲಲಿಲ್ಲ. ಕೈ ಸೋಲುತ್ತಿತ್ತು. ಸಣ್ಣವನೂ ಈಗ ಭಾರವಾಗಿದ್ದಾನೆ.

ಆಮೇಲೆ ಅತ್ತೆ ಅಡ್ಡ ಇಟ್ಟಿದ್ದ ಕಾಲನ್ನು ಮಡಚಿಕೊಂಡು ಮತ್ತೆ ಎರಡೂ ಕೈ ಚಾಚಿದರು. ನಾನು ಸಣ್ಣವನನ್ನು ಮೊದಲು ಕೊಟ್ಟೆ.

ನಿನ್ನ ಅಕ್ಕ
ಕಾಂತ